ಹತ್ತೂವರೆಯ ಪ್ರಶ್ನೆ

ಪಿಯುಸಿಯ ತರ್ಕಶಾಸ್ತ್ರದಲ್ಲಿ ನನಗೆ ಬಂದದ್ದು ಮೂವತ್ತನಾಲ್ಕು.
ಪಾಸಿಗೆ ಕಡಿಮೆಬಿದ್ದ ಆ ಒಂದು ಅಂಕವನ್ನು
ಇಪ್ಪತ್ತೊಂದು ವರ್ಷದಿಂದ ತೂಗುತ್ತಿದ್ದೇನೆ
ಕುಶಾಲನಗರದ ಕಾಫಿ ಕ್ಯೂರಿಂಗಿನಲ್ಲಿ, ಚೀಲ ಚೀಲವಾಗಿ.

ಹತ್ತೂವರೆಗೆ ಟೀ.
ಲೆಕ್ಕದ ಹಲಗೆ ತಿರುಗಿಸಿ ಅದರ ಬೆನ್ನಿಗೆ
ದಿನಕ್ಕೊಂದು ಪ್ರಶ್ನೆ ಬರೆಯುತ್ತೇನೆ.
ಉತ್ತರ ಮೂರೇ: ಹೌದು. ಅಲ್ಲ. ಹೇಳಲಾಗದು.
ಗೆದ್ದವಳಿಗೆ ಒಂದು ಬನ್ನು,
ಸೋತ ಇಬ್ಬರಿಗೆ ಅರ್ಧರ್ಧ;
ಹೊಟ್ಟೆಗೆ ಸರಿ ತಪ್ಪು ಗೊತ್ತಿಲ್ಲವಲ್ಲ.

"ಕಪ್ಪು ಬೀಜವೆಲ್ಲ ಕೆಟ್ಟದ್ದು.
ಈ ಬೀಜ ಕಪ್ಪಲ್ಲ.
ಹಾಗಾದರೆ ಒಳ್ಳೆಯದೇ?"
ಸೆಲ್ವರಾಣಿ ರಾಶಿಯಿಂದ ಒಂದನ್ನು ಹೆಕ್ಕಿ
ಉಗುರಲ್ಲಿ ತಿರುವಿ
"ತೂತಿದೆ ಅಕ್ಕಾ, ಹುಳ ಹೊಕ್ಕಿದೆ" ಅಂದಳು.
ನಾನು ಕೇಳಿದ್ದು ಲೋಕದ ಬೀಜಗಳ ಮಾತು,
ಅವಳು ಹೇಳಿದ್ದು ಕೈಯಲ್ಲಿದ್ದ ಒಂದರದು.
ಬನ್ನು ಕೊಟ್ಟೆ.
ಆಮೇಲೆ ಮಾತು ಅವಳ ಮಗಳ ಹಲ್ಲುನೋವಿಗೆ ಹೊರಳಿ
ಲವಂಗವೋ ಡಾಕ್ಟರೋ ಎಂಬಲ್ಲಿ
ಬೆಲ್ ಹೊಡೆಯಿತು.

ಮರುದಿನ:
"ಆನೆ ಬಂದರೆ ಬಾಳೆ ಮುರಿಯುತ್ತದೆ.
ಬಾಳೆ ಮುರಿದಿದೆ. ಆನೆ ಬಂದಿತ್ತೇ?"
ದೇವಕ್ಕಿಗೆ ನಗು ಬಂದು ಟೀ ನೆತ್ತಿಗೇರಿತು.
"ನಮ್ಮಲ್ಲಿ ಮುರಿದದ್ದು ಮೈದುನ,
ಕುಡಿದು ಬಂದು, ಹನ್ನೊಂದು ಬುಡ.
ಫಾರೆಸ್ಟಿನವರಿಗೆ ಮಾತ್ರ ಆನೆ ಅಂತಲೇ ಅರ್ಜಿ ಕೊಟ್ಟಿದ್ದೇವೆ.
ಹಲಗೆ ಒರೆಸಿಬಿಡಿ, ಯಾರಾದರೂ ಓದಿಯಾರು."
ಒರೆಸಿದೆ.

ಕದೀಜಮ್ಮ ಎರಡು ದಿನ ಕೆಲಸಕ್ಕೆ ಬಂದಿರಲಿಲ್ಲ.
ರೇಷನ್ ಅಂಗಡಿಯ ಮುಂದೆ ನಿಂತಿದ್ದಳಂತೆ.
ಹೆಬ್ಬೆರಳು ಒತ್ತಿದಳು, ತೋರುಬೆರಳು ಒತ್ತಿದಳು,
ತಲೆವಸ್ತ್ರದ ಅಂಚಿಗೆ ಒರೆಸಿಕೊಂಡು ಮತ್ತೆ ಒತ್ತಿದಳು.
ಮೂವತ್ತು ವರ್ಷ ಬೀಜ ಹೆಕ್ಕಿ ಹೆಕ್ಕಿ
ಬೆರಳಿನ ಗೆರೆಗಳು ಚೀಲ ಸೇರಿ
ಯಾವ ಊರಿನ ಯಾರ ಲೋಟದಲ್ಲಿ ಕರಗಿದವೋ.
ಅಚ್ಚು ಹೊಂದಿದರೆ ಕದೀಜಮ್ಮ.
ಅಚ್ಚು ಹೊಂದಲಿಲ್ಲ.
ಆದ್ದರಿಂದ?
ಫೇಲಾದ ನನಗೂ ಗೊತ್ತು, ಈ ಆದ್ದರಿಂದ ನಿಲ್ಲುವುದಿಲ್ಲ.
ಆ ಮೆಷಿನ್ನಿಗೆ ಗೊತ್ತಿಲ್ಲ.
ಅದಕ್ಕಿರುವುದು ಎರಡೇ ದೀಪ, ಹಸಿರು, ಕೆಂಪು.
"ಹೇಳಲಾಗದು ಅನ್ನುವ ದೀಪ ಇಡಲಿಲ್ಲವಲ್ಲ, ಪುಣ್ಯಾತ್ಮರು"
ಎಂದು ದೇವಕ್ಕಿ ಬನ್ನು ಮುರಿದಳು.
"ನಾನೇ ನಾನು ಅಂದೆ" ಅಂದಳು ಕದೀಜಮ್ಮ.
"ಅಂಗಡಿಯವನಿಗೂ ಗೊತ್ತು. ಅವನ ಮದುವೆಗೆ
ತುಪ್ಪದನ್ನ ಬೇಯಿಸಿದ್ದು ಇದೇ ಕೈ."
ಆ ದಿನ ಪ್ರಶ್ನೆ ಬರೆಯಲಿಲ್ಲ ನಾನು.

ಪುತ್ತರಿಯ ಮುನ್ನಾದಿನ ಬರೆದೆ:
"ತಮ್ಮ ಬರುವುದಾದರೆ ಇಷ್ಟರಲ್ಲಿ ಫೋನ್ ಮಾಡಿರುತ್ತಾನೆ.
ಫೋನ್ ಮಾಡಿಲ್ಲ."
ಹಾಗಾದರೆ ಎನ್ನುವಲ್ಲಿ ಸೀಮೆಸುಣ್ಣ ಮುರಿಯಿತು.
ಈವರೆಗೆ ಬರೆದದ್ದರಲ್ಲಿ ಇದೊಂದೇ ಗಟ್ಟಿ ತರ್ಕ,
ಎಲ್ಲೂ ಹುಳ ಹೊಕ್ಕಿಲ್ಲ, ಉತ್ತರ ಒಂದೇ.
ಅಜ್ಜನ ಪೀಚೆಕತ್ತಿ ಯಾರಿಗೆ ಎಂಬ ಮಾತಿಗೆ
ಮಾತು ಬಿಟ್ಟು ನಾಲ್ಕು ಪುತ್ತರಿ ಆದವು.

ಯಾರ ತಮ್ಮ ಎಂದು ಯಾರೂ ಕೇಳಲಿಲ್ಲ.
"ಕರೆನ್ಸಿ ಮುಗಿದಿರಬೇಕು" ಅಂದಳು ಸೆಲ್ವರಾಣಿ.
"ನಾಪೋಕ್ಲು ಕಡೆ ನಿನ್ನೆಯಿಂದ ಟವರೇ ಇಲ್ಲ"
ಅಂದಳು, ಆ ಕಡೆ ಹೋಗಿ ವರ್ಷವಾದ ದೇವಕ್ಕಿ.
ಕದೀಜಮ್ಮ ಎದ್ದು ಹಲಗೆಯ ಹತ್ತಿರ ಬಂದು
ಇಷ್ಟರಲ್ಲಿ ಎಂಬ ಪದವನ್ನು
ಗೆರೆಯಿಲ್ಲದ ಹೆಬ್ಬೆರಳಿನಿಂದ ಉಜ್ಜಿ ತೆಗೆದಳು.
"ಕೆಳಗೆ, ಇನ್ನೂ ಅಂತ ಸೇರಿಸು."
ಸೇರಿಸಿದೆ.
ಫೋನ್ ಇನ್ನೂ ಮಾಡಿಲ್ಲ.
"ಈಗ ಕೇಳು."

ಮೂವರೂ ಒಂದೇ ಸಲ: ಹೇಳಲಾಗದು.

ಸರಿಯುತ್ತರ.
ಮೂರು ಬನ್ನು ಕೊಡಬೇಕಿತ್ತು, ತಂದದ್ದು ಎರಡು.
ಹಂಚುವ ಲೆಕ್ಕ ಅವರಿಗೇ ಬಿಟ್ಟು ತೂಕಕ್ಕೆ ಮರಳಿದೆ.
ಫೋನು ಲೆಕ್ಕದ ಪುಸ್ತಕದ ಮೇಲೆ,
ಮುಖ ಮೇಲಾಗಿ.